ಪೇಂಟರ್ ದೇವಿಂದ್ರಪ್ಪನ ಚೂಲಬಂದ್

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದದ್ದು ಸರಕಾರದ ಹುಕುಮಿನಿಂದ ಎಂದು ತಿಳಿದವರು ಹೇಳುತ್ತಾರೆ. ಹುಮನಾಬಾದಿನ ಮಟ್ಟಿಗೆ ಅದನ್ನು ತಂದವನು ಪೇಂಟರ್ ದೇವಿಂದ್ರಪ್ಪ. ಹೀಗೆಂದು ಅವನೇ ಹೇಳುತ್ತಿದ್ದ. ಎಪ್ಪತ್ಮೂರರ ನವೆಂಬರಿನಿಂದ ಏಳು ವಾರ ಅವನು ನಿಚ್ಚಣಿಕೆ ಬಿಟ್ಟು ನೆಲಕ್ಕಿಳಿದದ್ದು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ. ಶಾಲೆ, ದವಾಖಾನೆ, ಕಚೇರಿ ಎನ್ನದೆ ಕಂಡ ಕಂಡ ಬೋರ್ಡಿನ ಮೇಲೆ 'ಮೈಸೂರು' ಅಳಿಸಿ 'ಕರ್ನಾಟಕ' ಬರೆದ. ನಾನು ಗುಮಾಸ್ತನಾಗಿದ್ದ ಕಚೇರಿಯ ಬೋರ್ಡಿಗೆ ಒಂದೇ ಕೈ ಬಣ್ಣ ಹೊಡೆದಿದ್ದ. ಹೀಗಾಗಿ ನಾವು ಬೆಳಿಗ್ಗೆ ಕರ್ನಾಟಕದಲ್ಲಿ ಕೆಲಸ ಶುರುಮಾಡಿ, ಇಳಿಬಿಸಿಲು ಬೋರ್ಡಿನ ಮೇಲೆ ಬೀಳುವ ಹೊತ್ತಿಗೆ ಮೈಸೂರಿನಲ್ಲಿ ಮುಗಿಸುತ್ತಿದ್ದೆವು.

ಇಷ್ಟು ದೊಡ್ಡ ರಾಜ್ಯವನ್ನು ಕೈಯಾರೆ ಬರೆದ ಮನುಷ್ಯನಿಗೆ ಸ್ವಲ್ಪ ಬಿಗುಮಾನ ಬಂದರೆ ಅದು ತಪ್ಪಲ್ಲ. ಆ ಬಿಗುಮಾನಕ್ಕೆ ಪೆಟ್ಟು ಬಿದ್ದದ್ದು ನಮ್ಮ ಓಣಿಯ ಕಿರಾಣಿ ಅಂಗಡಿ ಬಸವಣಪ್ಪನವರ ಮೊಮ್ಮಗನಿಗೆ ಮೊದಲ ಸಲ ಕೂದಲು ತೆಗೆಸಿದ ಜಾವಳದ ಊಟದಲ್ಲಿ.

ನಮ್ಮ ಕಡೆ ಊಟದ ಕರೆಗೆ ಎರಡು ದರ್ಜೆ. 'ಮನೆಗೊಬ್ಬರು' ಎಂದರೆ ಮನೆಯಿಂದ ಒಬ್ಬರು ಹೋಗಿ ಉಂಡು ಬಂದರೆ ಮರ್ಯಾದೆ ಮುಗಿಯಿತು. 'ಚೂಲಬಂದ್' ಎಂದರೆ ಆ ದಿನ ಮನೆಯ ಒಲೆಯನ್ನೇ ಹಚ್ಚುವಂತಿಲ್ಲ. ಗಂಡ, ಹೆಂಡತಿ, ಮಕ್ಕಳು, ಊರಿಂದ ಬಂದ ಬೀಗರು, ಹಾಸಿಗೆ ಹಿಡಿದ ಮುದುಕಿ, ಎಲ್ಲರ ಊಟವೂ ಕರೆದವರ ಮನೆಯಲ್ಲೇ. ಈ ಕರೆಯನ್ನು ಬಾಗಿಲಿಂದ ಬಾಗಿಲಿಗೆ ಹೊತ್ತು ತಿರುಗುವ ಹಕ್ಕು ಹಜಾಮ ಗುಂಡಪ್ಪನದು. ಅವನ ಕತ್ತಿ ಒಮ್ಮೊಮ್ಮೆ ತಪ್ಪುತ್ತಿತ್ತು, ಕರೆ ಎಂದೂ ತಪ್ಪಿರಲಿಲ್ಲ. ಯಾರ ಮನೆಗೆ ಯಾವ ದರ್ಜೆ ಎಂದು ಹೇಳಿ ಕಳಿಸಿದ್ದರೋ ಅದನ್ನು ಅಕ್ಷರ ಬಿಡದೆ ಒಪ್ಪಿಸುವವನು.

ಜಾವಳಕ್ಕೆ ನಮ್ಮ ಓಣಿಯ ಇಪ್ಪತ್ತು ಮನೆಗೆ ಚೂಲಬಂದ್ ಆಯಿತು. ಇಪ್ಪತ್ತೊಂದನೆಯದಾದ ಪೇಂಟರ್ ಮನೆಗೆ ಮಾತ್ರ ಮನೆಗೊಬ್ಬರು. ದೇವಿಂದ್ರಪ್ಪ ಹೋದ, ಒಂದು ಕಡೆ ಕುಳಿತು ಉಂಡು ಬಂದ. ಅವನ ಹೆಂಡತಿ ಮುಕ್ತಾಬಾಯಿ ಅಂದು ಒಬ್ಬಳೇ ತನ್ನ ಒಲೆ ಹಚ್ಚಿ ಒಂದು ರೊಟ್ಟಿ ಬಡಿದುಕೊಂಡಳು. ಆ ದಿನ ಕರೆದವರ ಮನೆ ಬಿಟ್ಟರೆ ಓಣಿಯಲ್ಲಿ ಹೊಗೆಯೆದ್ದ ಮನೆ ಅದೊಂದೇ, ಹಾಗಾಗಿ ಎಲ್ಲರಿಗೂ ಕಂಡಿತು.

ಕಾರಣ ಏನೆಂದು ಯಾರೂ ಕೇಳಲಿಲ್ಲ. ದೇವಿಂದ್ರಪ್ಪನದು ಮೂರು ತಲೆಮಾರಿನ ಕ್ರೈಸ್ತ ಮನೆ. ಅವನ ಅಜ್ಜ ಘಾಟಬೋರಾಳದ ಕಡೆ ಕೂಲಿ ಮಾಡುತ್ತಿದ್ದವನು. ಹೆಸರುಗಳನ್ನು ಹಳೆಯವೇ ಇಟ್ಟುಕೊಂಡು ಹಬ್ಬವನ್ನು ಮಾತ್ರ ಬದಲಿಸಿಕೊಂಡ ಕುಲ. ಅವರ ಮನೆಯಲ್ಲಿ ಉಣ್ಣಬಾರದು ಎಂದು ಓಣಿಯಲ್ಲಿ ಯಾರೂ ಬಾಯಿಬಿಟ್ಟು ಆಡಿದವರಲ್ಲ. ಆಡದೆಯೇ ಹನ್ನೊಂದು ವರ್ಷ ಪಾಲಿಸಿಕೊಂಡು ಬಂದಿದ್ದರು. ಪ್ರತಿ ಕ್ರಿಸ್‌ಮಸ್ಸಿಗೆ, ನಮ್ಮ ಕಡೆಯ ಮಾತಿನಲ್ಲಿ 'ದೊಡ್ಡ ದಿನ'ಕ್ಕೆ, ದೇವಿಂದ್ರಪ್ಪ ಮನೆಮನೆಗೆ ಹೋಗಿ ಊಟಕ್ಕೆ ಬರ್ರಿ ಎನ್ನುವನು. ಎಲ್ಲರೂ ಆಯ್ತು ಬರ್ತೀವಿ ಎನ್ನುವರು. ಯಾರೂ ಬರುತ್ತಿರಲಿಲ್ಲ. ಸಂಜೆ ಅವನು ಒಂದೊಂದು ಮನೆಗೆ ಎರಡೆರಡು ಸಂತ್ರಾ ಹಣ್ಣು, ಒಂದು ಹಿಡಿ ಸಕ್ಕರೆ ಕಳಿಸುವನು. ಹಸಿ ಪದಾರ್ಥಕ್ಕೆ ಮೈಲಿಗೆಯಿಲ್ಲ, ಎಲ್ಲರೂ ನಗುನಗುತ್ತ ತೆಗೆದುಕೊಳ್ಳುವರು.

ಇದರಲ್ಲಿ ನಗದವಳು ಮುಕ್ತಾಬಾಯಿ ಒಬ್ಬಳೇ. ಈ ಓಣಿಗೆ ಬಂದ ವರ್ಷ ಅವಳು ತವರಿನಿಂದ ಒಂದು ತಾಮ್ರದ ದೇಗಚಿ ತಂದಿದ್ದಳು. ನೂರಾಐವತ್ತು ಜನಕ್ಕೆ ಬೇಯಿಸಬಹುದಾದ ದೊಡ್ಡ ಪಾತ್ರೆ. ಓಣಿಗೆಲ್ಲ ಒಮ್ಮೆ ತನ್ನ ಕೈಯಿಂದ ಉಣಿಸಬೇಕೆಂದು ತಂದದ್ದು. ಹನ್ನೊಂದು ವರ್ಷದಲ್ಲಿ ಅದು ಒಮ್ಮೆಯೂ ಒಲೆ ಏರಲಿಲ್ಲ. ಬೋರಲು ಹಾಕಿದರೆ ತಳ ಹೊಸ ಪೈಸೆಯ ಹಾಗೆ ಹೊಳೆಯುತ್ತಿತ್ತು. ಬಂದವರ ಕಣ್ಣಿಗೆ ಅದು ಬೀಳುತ್ತದೆಂದು ಅವಳು ಗೋಡೆಗೆ ತಿರುಗಿಸಿ ಇಡುತ್ತಿದ್ದಳು. ಒಮ್ಮೆ ದೇವಿಂದ್ರಪ್ಪ ಸಮಾಧಾನ ಹೇಳಲು ಹೋಗಿ, "ಫಿಕರ್ ಮಾಡಬ್ಯಾಡ ಮುಕ್ತಾ, ಒಂದ್ ಡಬ್ಬಿ ಕರೀ ಬಣ್ಣ ಅದ. ತಳಕ್ಕ ಹಚ್ಚಿ ಕೊಡ್ತೀನಿ, ಭಾಳ ಮಂದಿಗೆ ಉಣಿಸಿದ ಹಂಗ ಕಾಣ್ತದ" ಎಂದಿದ್ದ. ಅವಳು ನಾಲ್ಕು ದಿನ ಅವನೊಡನೆ ಮಾತು ಬಿಟ್ಟಳು. ಒಳ್ಳೆಯ ಉಪಾಯಕ್ಕೆ ಬೆಲೆಯೇ ಇಲ್ಲ ಎಂದು ಅವನು ನನ್ನ ಹತ್ತಿರ ಬೇಸರಪಟ್ಟಿದ್ದ.

ಜಾವಳವಾದ ಮೂರನೆಯ ದಿನ ಬಕ್ಕಪ್ಪನ ಹೋಟೆಲಿನಲ್ಲಿ ದೇವಿಂದ್ರಪ್ಪ, ಗುಂಡಪ್ಪ ಸೇರಿ ನಾವು ಎಂಟು ಜನ ಚಹಾ ಕುಡಿಯುತ್ತಿದ್ದೆವು. ನಾನು ಒಂಟಿ ಮನುಷ್ಯ, ಎರಡು ಹೊತ್ತು ಅಲ್ಲೇ ಉಣ್ಣುವವನು. ಎದುರಿಗೆ ಕಿರಾಣಿ ಅಂಗಡಿಯ ಗಾದಿಯ ಮೇಲೆ ಬಸವಣಪ್ಪನವರು ಕುಳಿತಿದ್ದರು. ಹೋಟೆಲಿನ ನೀರನ್ನೂ ಮುಟ್ಟದ ನೇಮಸ್ಥರು ಅವರು, ಹೋಟೆಲಿನ ಮಾತನ್ನು ಮಾತ್ರ ಒಂದೂ ಬಿಡುತ್ತಿರಲಿಲ್ಲ. ದೇವಿಂದ್ರಪ್ಪ ಅವರಿಗೆ ಕೇಳಿಸುವಂತೆ ಗಂಟಲು ಸರಿಮಾಡಿಕೊಂಡ.

"ಗುಂಡಪ್ಪಾ, ದೊಡ್ಡ ದಿನಕ್ಕ ನಮ್ಮ ಮನ್ಯಾಗ ಊಟ ಅದ. ಪೂರಾ ಓಣಿಗೆ ಹೇಳಿ ಬಾ."

ಗುಂಡಪ್ಪ ಎದ್ದು ನಿಂತ. ಕರೆ ಒಪ್ಪಿಸಿಕೊಳ್ಳುವಾಗ ಅವನು ಕುಳಿತಿರುತ್ತಿರಲಿಲ್ಲ. "ಮನಿಗೊಬ್ರೋ, ಚೂಲಬಂದೋ?"

"ಚೂಲಬಂದ್."

ಬಕ್ಕಪ್ಪನ ಹಾಲು ಉಕ್ಕಿ ಒಲೆಗೆ ಬಿತ್ತು, ಅವನು ನೋಡಲಿಲ್ಲ. ಬಸವಣಪ್ಪನವರು ಮೀಸೆ ಒರೆಸಿಕೊಂಡು ಗಾದಿಯಿಂದಲೇ ಹೇಳಿದರು, "ಆಯ್ತಪ್ಪಾ ಪೇಂಟರ್, ಬರ್ತೀವಿ."

ದೇವಿಂದ್ರಪ್ಪ ಗೆದ್ದವನಂತೆ ಮನೆಗೆ ಹೋದ. ಅವನ ಲೆಕ್ಕ ಸರಳವಾಗಿತ್ತು. ಹನ್ನೊಂದು ವರ್ಷ ಸಣ್ಣ ಕರೆಗೆ ಬಾರದವರು ದೊಡ್ಡ ಕರೆಗೂ ಬರುವುದಿಲ್ಲ. ಬಸವಣಪ್ಪನ ಮೋರೆಗೆ ಉತ್ತರವಾಯಿತು, ಖರ್ಚು ಅದೇ ಎರಡು ಸಂತ್ರಾ. ಎಷ್ಟು ಅಕ್ಕಿ ತೊಳೆಯಲಿ ಎಂದು ಮುಕ್ತಾಬಾಯಿ ಕೇಳಿದಳು.

"ದರ ವರ್ಷದಷ್ಟೇ. ನಿಮ್ಮ ತವರಿನವರು ಎಂಟು ಮಂದಿ, ನಾವಿಬ್ರು."

"ಮತ್ತ ಓಣಿಯವ್ರು?"

"ಏ ಹುಚ್ಚಿ, ಅವ್ರೆಲ್ಲಿ ಬರ್ತಾರ."

ಮುಕ್ತಾಬಾಯಿ ಹಿತ್ತಲಿಗೆ ಹೋಗಿ ದೇಗಚಿಯನ್ನು ಇಳಿಸಿ ಬೂದಿ ಹಾಕಿ ತಿಕ್ಕಿದಳು.

ಈಗ ಒಂದು ಮಾತನ್ನು ಮುಂಚಿತವಾಗಿ ಹೇಳಬೇಕು. ಆ ವರ್ಷ ಎಳ್ಳ ಅಮಾವಾಸ್ಯೆ ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಬಿತ್ತು, ದೊಡ್ಡ ದಿನದ ಹಿಂದಿನ ದಿವಸ. ಎಳ್ಳಮಾಸಿಯಲ್ಲಿ ನಮ್ಮ ಹೆಂಗಸರ ಪಾಡು ದೇವರಿಗೇ ಪ್ರೀತಿ. ಎರಡು ದಿನ ಮೊದಲೇ ಕಾಳು ಬಿಡಿಸು, ಸೊಪ್ಪು ಸೋಸು, ಅಂಬಲಿ ಹುದುಗು ಹಾಕು. ಬದನೆ, ಗಜ್ಜರಿ, ಮೆಂತೆ, ಹಸಿ ತೊಗರಿ, ಅವರೆ ಎಲ್ಲ ಕೂಡಿಸಿ ಭಜ್ಜಿ ಕುದಿಸು. ಸಜ್ಜೆ ರೊಟ್ಟಿ, ಜೋಳದ ಕಡಬು ಬುಟ್ಟಿ ಬುಟ್ಟಿ ಮಾಡು. ಹೊತ್ತು ಹೊಲಕ್ಕೆ ನಡೆ. ಮನೆಗೆ ಹತ್ತು ಜನವಿದ್ದರೆ ಐವತ್ತು ಜನರ ಅಡುಗೆ, ಏಕೆಂದರೆ ಅಂದು ಹೊಲದ ದಾರಿಯಲ್ಲಿ ಹೋಗುವ ಯಾರನ್ನೂ ಉಣಿಸದೆ ಬಿಡುವಂತಿಲ್ಲ. ಅಂದು ಬಸವಣಪ್ಪನವರ ಹೊಲದಲ್ಲಿ ಓಣಿಯೆಲ್ಲ ಉಂಡಿತು. ಮುಕ್ತಾಬಾಯಿಯೂ ಬೋರೆಗಿಡದ ಕೆಳಗೆ ಎಲ್ಲರ ನಡುವೆ ಕುಳಿತು ಉಂಡಳು. ಹೊಲದಲ್ಲಿ ಮೈಲಿಗೆಯಿಲ್ಲ ಎಂಬುದು ಹಿಂದಿನವರು ಯಾವ ಧೈರ್ಯದಲ್ಲೋ ಮಾಡಿಟ್ಟ ಕಾನೂನು.

ಅಂಥ ಮೂರು ದಿನ ಬೆಂಕಿಯ ಮುಂದೆ ಬೆಂದ ಹೆಂಗಸರ ಕಿವಿಗೆ ಗುಂಡಪ್ಪನ ಕರೆ ಬಿದ್ದಿತ್ತು. ದೊಡ್ಡ ದಿನಕ್ಕೆ ಚೂಲಬಂದ್. ಒಲೆ ಹಚ್ಚುವಂತಿಲ್ಲ. ಬರುತ್ತೇವೆ ಎಂದವರು ಗಂಡಸರು. ಒಲೆ ಆರಿಸಿದವರು ಹೆಂಗಸರು. ಇವೆರಡೂ ಬೇರೆ ಬೇರೆ ಸಂಗತಿಗಳೆಂದು ದೇವಿಂದ್ರಪ್ಪನಿಗೆ ಹೊಳೆಯಲಿಲ್ಲ.

ಇಪ್ಪತ್ತೈದರ ಮುಂಜಾನೆ ಅವನು ಹೊಸ ಕೋಟು ತೊಟ್ಟು ಹೆಂಡತಿಯೊಡನೆ ಚರ್ಚಿಗೆ ಹೋದ. ತುಂಬಿದ ಗರ್ಭಿಣಿಯನ್ನು ಛತ್ರದಲ್ಲಿ ಜಾಗವಿಲ್ಲವೆಂದು ದನದ ಕೊಟ್ಟಿಗೆಗೆ ಕಳಿಸಿದ ಕಥೆಯನ್ನು ಪಾದ್ರಿಗಳು ಮನಮುಟ್ಟುವಂತೆ ಹೇಳಿದರಂತೆ. ಛತ್ರದವನ ಮೇಲೆ ದೇವಿಂದ್ರಪ್ಪನಿಗೆ ವಿಪರೀತ ಸಿಟ್ಟು ಬಂತು. ದಾರಿಯುದ್ದಕ್ಕೂ ಬೈದುಕೊಂಡೇ ಬಂದ. "ಮನಿಗೆ ಬಂದವ್ರಿಗೆ ಜಾಗಾ ಇಲ್ಲ ಅಂತಾನಲ್ಲ, ಅವನೆಂಥಾ ಮನಷ್ಯಾ ಅಂತೀನಿ."

ಮನೆಯ ಮುಂದೆ ಬಿದಿರಿನ ಗಳಕ್ಕೆ ಕಟ್ಟಿದ ಕಾಗದದ ನಕ್ಷತ್ರ ಗಾಳಿಗೆ ವಾಲಿತ್ತು. ನೆಟ್ಟಗೆ ಮಾಡಲು ಅವನು ನಿಚ್ಚಣಿಕೆ ಏರಿದ. ಮೇಲಿನಿಂದ ಓಣಿಯ ಮಾಳಿಗೆಗಳೆಲ್ಲ ಕಾಣುತ್ತಿದ್ದವು. ಹನ್ನೊಂದು ಗಂಟೆ. ಅಡುಗೆಯ ಹೊತ್ತು. ಮಾಳಿಗೆಯ ಮೇಲಿನ ಇಪ್ಪತ್ತೊಂದು ಬೆಳಕಿಂಡಿಯಲ್ಲಿ ಒಂದರಿಂದಲೂ ಹೊಗೆ ಏಳುತ್ತಿರಲಿಲ್ಲ. ದೇವಿಂದ್ರಪ್ಪ ಒಮ್ಮೆ ಎಣಿಸಿದ. ಇನ್ನೊಮ್ಮೆ ಎಣಿಸಿದ. ನಂತರ ನಿಚ್ಚಣಿಕೆಯ ಎರಡು ಮೆಟ್ಟಿಲು ಬಿಟ್ಟು ಮೂರನೆಯದಕ್ಕೆ ಕಾಲಿಟ್ಟು ಕೆಳಗಿಳಿದ.

ಮೊದಲು ಓಡಿದ್ದು ಬಸವಣಪ್ಪನವರ ಮನೆಗೆ. ಅವರ ಹೆಂಡತಿ ಶಕುಂತಲಾಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು. ಹಗಲು ಹೊತ್ತಿನಲ್ಲಿ ಅವರ ಕಾಲು ಚಾಚಿದ್ದನ್ನು ಓಣಿ ನೋಡಿರಲಿಲ್ಲ.

"ವೈನಿ, ಇನ್ನಾ ಒಲಿ ಹಚ್ಚಿಲ್ಲೇನ್ರಿ?"

"ಹ್ಯಾಂಗ ಹಚ್ಚಲಿ? ನಿನ್ನಿ ಸಂಜಿಗೇ ಸಾರಿಸಿ ರಂಗೋಲಿ ಹಾಕೇನಿ. ಬಾ, ನೋಡು."

ನಿಜವಾಗಿಯೂ ಒಲೆಯ ಬಾಯಿಗೆ ಅಡ್ಡಲಾಗಿ ಎಂಟೆಳೆಯ ರಂಗೋಲಿ ಇತ್ತು. ದೇವಿಂದ್ರಪ್ಪ ಅದನ್ನು ಸಮಾಧಿಯನ್ನು ನೋಡುವಂತೆ ನೋಡಿದ.

"ಅಲ್ರೀ, ಅಣ್ಣಾವ್ರಿಗೆ ಪಥ್ಯ ಗಿಥ್ಯ ಇರ್ತದಲ್ರಿ. ಅವ್ರ ಸಲುವಾಗಿ ಒಂಚೂರು ಅನ್ನ…"

"ಅವ್ರದ್ದೇನ್ ಕೇಳ್ತಿ. ಮಂಗಳವಾರ ನಾ ಹೊರಗ ಉಣ್ಣಂಗಿಲ್ಲ ಅಂದ್ರು. ಹೋದ ಮಂಗಳವಾರ ಬೀಗರ ಮನ್ಯಾಗ ಹದಿನಾಕು ಹೋಳಿಗಿ ತಿಂದವ್ರು ಯಾರು ಅಂತ ಕೇಳಿದೆ. ಸಿಟ್ಟಾಗಿ ಬಸ್ ಹತ್ಯಾರ, ಬಸವಕಲ್ಯಾಣಕ್ಕ ಮಗಳ ಮನಿಗೆ ಹೋಗಿ ಉಣ್ತಾರಂತ." ಶಕುಂತಲಾಬಾಯಿ ಸುಣ್ಣದ ಬೆರಳು ಒರೆಸಿಕೊಂಡರು. "ಮಗಳಿಗೆ ನಾನೇ ಹೇಳಿ ಕಳಿಸೇನಿ, ಸುಂದರಬಾಯಿ ಅತ್ತಿ-ಮಕ್ಕಳ್ನ ಕರ್ಕೊಂಡು ಇಲ್ಲಿಗೇ ಬರ್ಲಿಕತ್ಯಾಳ. ಚೂಲಬಂದಂದ್ರ ಹೆಣ್ಮಕ್ಕಳೂ ಬರಬೇಕಲ್ಲ. ಏಳು ಮಂದಿ ಹೆಚ್ಚಿಗಿ ಆಗ್ತಾರ, ಏನೂ ಅನ್ಕೋಬ್ಯಾಡ."

ದೇವಿಂದ್ರಪ್ಪ ಅಲ್ಲಿಂದ ಪಕ್ಕದ ಮನೆಗೆ ಹೋದ. ಬಳೆಗಾರ್ತಿ ಬೀಬಿಜಾನ ಕನ್ನಡಿಯ ಮುಂದೆ ಕಣ್ಣಿಗೆ ಸುರಮಾ ಹಚ್ಚುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

"ಆವೋ ಭಾಯ್. ಹನ್ನೊಂದ್ ವರ್ಷ ನೀವು ನಮ್ಮ ಈದಿಗೆ ಬಂದು ಸೇವಯ್ಯಾ ಉಂಡೀರಿ. ಪ್ರತಿ ಸಲ ನಂಗ ನಾಚಿಕಿ ಆಗ್ತಿತ್ತು, ನಾವು ಒಮ್ಮೀನೂ ಬಂದಿಲ್ಲಂತ. ಈ ಸಲ ಚೂಲ್ಹಾ ಬಂದ್, ಬಹಾನಾ-ನೆವ ಎಲ್ಲಾ ಬಂದ್. ನನ್ನ ತಮ್ಮನ ಮನಿಯವ್ರೂ ಬರ್ತಾರ."

ಅವನು ಹೋಟೆಲಿಗೆ ಓಡಿದ. ಹೋಟೆಲಾದರೂ ತೆರೆದಿದ್ದರೆ ಜನ ಅಲ್ಲಿ ಹೋಗಿ ಉಂಡಾರು ಎಂಬ ಆಸೆ. ಹೋಟೆಲಿನ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಮುಂದೆ ನಾನೂ, ಠಾಣೆಯ ಹವಾಲ್ದಾರರೂ ಹಸಿದು ನಿಂತಿದ್ದೆವು. ಬಕ್ಕಪ್ಪನ ಮನೆಯೂ ನಮ್ಮ ಓಣಿಯಲ್ಲೇ. ಹೋಟೆಲಿನ ಒಲೆಯೂ ಒಲೆಯೇ ಎಂದು ಅವನ ಹೆಂಡತಿ ಭಾಗಮ್ಮ ಹಟ ಹಿಡಿದು ಬೀಗ ಹಾಕಿಸಿದ್ದಳು.

ಹವಾಲ್ದಾರರು ಮಂಠಾಳದಲ್ಲಿ ಸಂಸಾರ ಬಿಟ್ಟು ಬಂದ ಮನುಷ್ಯ, ನನ್ನಂತೆ ಹೋಟೆಲಿನ ಆಶ್ರಿತರು. ಹಸಿವೆಯಲ್ಲಿ ಅವರ ಕರ್ತವ್ಯನಿಷ್ಠೆ ಹೆಚ್ಚಾಗುತ್ತಿತ್ತು. ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲ್ ನೆಕ್ಕಿದರು.

"ಪೂರಾ ಓಣಿ ಒಲಿ ಹಚ್ಚಿಲ್ಲ. ಹೋಟೆಲ್ ಬಂದ್. ಇದು ಎಣ್ಣಿ ತುಟ್ಟಿ ಆಗ್ಯದಂತ ಮಾಡಿದ ಹರತಾಳ ಹೌದಲ್ಲೋ?"

"ಅಲ್ರಿ ಸಾಹೇಬ್ರ," ಎಂದೆ ನಾನು. "ಊಟದ ಕರಿ ಅದರಿ."

"ಊಟದ ಕರಿ ಅಂತ ಮಂದಿ ಉಪವಾಸ ಕುಂತಾರೇನು? ಇದರ ಮುಖಂಡ ಯಾರು?"

ದೇವಿಂದ್ರಪ್ಪ ಮೆಲ್ಲಗೆ ನನ್ನ ಹಿಂದೆ ಸರಿದ. ಆದರೆ ಅವನ ಕೋಟು ಹೊಸದಾಗಿದ್ದು, ಮುಖಂಡನ ಹಾಗೆಯೇ ಕಾಣುತ್ತಿದ್ದ. ಹವಾಲ್ದಾರರು ಅವನ ಹೆಸರು, ತಂದೆಯ ಹೆಸರು, ಉದ್ಯೋಗ ಬರೆದುಕೊಂಡರು. ಒಲೆ ಹಚ್ಚದಿರುವುದು ಯಾವ ಕಲಮಿನ ಕೆಳಗೆ ಬರುತ್ತದೆಂದು ನೆನಪಾಗದೆ ಆ ಜಾಗವನ್ನು ಖಾಲಿ ಬಿಟ್ಟು, "ನಡಿ, ಸ್ಥಳ ನೋಡೂಣು" ಎಂದರು.

ನಾವು ಸ್ಥಳ ಮುಟ್ಟುವಷ್ಟರಲ್ಲಿ ಸ್ಥಳವೇ ಇರಲಿಲ್ಲ. ಪೇಂಟರ್ ಮನೆಯ ಅಂಗಳ, ಕಟ್ಟೆ, ಎದುರಿನ ಬೇವಿನ ಗಿಡದ ಬುಡ ಎಲ್ಲ ಜನ. ನಮ್ಮ ಕಡೆ ಊಟಕ್ಕೆ ಹೋಗುವಾಗ ತಾಟು, ತಂಬಿಗೆ ತಾವೇ ಒಯ್ಯುವ ರೂಢಿ. ನೂರಾ ಮೂವತ್ತು ತಾಟು ಬಿಸಿಲಿಗೆ ಹೊಳೆಯುತ್ತಿದ್ದವು. ಬಸವಕಲ್ಯಾಣದಿಂದ ಸುಂದರಬಾಯಿ ಆರು ಜನರೊಂದಿಗೆ ಬಂದಿಳಿದಿದ್ದಳು. ಹಾಸಿಗೆ ಹಿಡಿದಿದ್ದ ಭಾಗಮ್ಮನ ಅತ್ತೆಯನ್ನು ಹಾಸಿಗೆ ಸಮೇತ ಹೊತ್ತು ತಂದು ನೆರಳಿಗೆ ಮಲಗಿಸಿದ್ದರು. ಮುದುಕಿ ಆಗಾಗ ತಲೆಯೆತ್ತಿ, "ಬಡಿಸಾಕತ್ಯಾರೇನ್ರೆ?" ಎಂದು ಕೇಳುತ್ತಿದ್ದಳು.

ಹೊಸ್ತಿಲಲ್ಲಿ ಮುಕ್ತಾಬಾಯಿ ನಿಂತಿದ್ದಳು. ಒಳಗೆ ಹತ್ತು ಜನರ ಅನ್ನ, ತವರಿನವರಿಗೆಂದು ಮಾಡಿದ ಮಟನ್ ಇತ್ತು. ಓಣಿಯ ಅರ್ಧ ಜನ ಮಟನ್ ಮುಟ್ಟದವರು. ಮಟನ್ನಿದ್ದ ಪಾತೇಲಿಯನ್ನು ಒಳಕೋಣೆಗೆ ಸೇರಿಸಿ ಬಾಗಿಲು ಹಾಕಿಯಾಗಿತ್ತು. ಅವಳು ಹನ್ನೊಂದು ವರ್ಷ ದಾರಿ ಕಾದ ಜನ ಕೊನೆಗೂ ಬಾಗಿಲಿಗೆ ಬಂದಿದ್ದರು, ಅವರ ತಾಟಿಗೆ ಹಾಕಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಅವಳ ಮೋರೆ ನೋಡಿ ನನಗೆ ದೇವಿಂದ್ರಪ್ಪನ ಕಪಾಳಕ್ಕೆ ಎರಡು ಬಿಗಿಯಬೇಕೆನಿಸಿದ್ದು ನಿಜ.

ಬಿಗಿಯಲು ಅವನು ಸಿಗಬೇಕಲ್ಲ. ಅವನು ಜನವನ್ನು ಕಂಡವನೇ ನಿಚ್ಚಣಿಕೆ ಏರಿ, ನಕ್ಷತ್ರವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಕಷ್ಟಕಾಲದಲ್ಲಿ ಅವನಿಗೆ ಎತ್ತರವೇ ಗತಿ. ಮುಕ್ತಾಬಾಯಿ ಹೋಗಿ ನಿಚ್ಚಣಿಕೆಯನ್ನು ಹಿಡಿದು ಅಲ್ಲಾಡಿಸಿದಳು.

"ಇಳೀರಿ. ಇಳದು ಎಲ್ಲಾರಿಗೂ ಹೇಳ್ರಿ, ಊಟಕ್ಕ ಇಲ್ಲಂತ. ನನ್ನ ಕೈಲೆ ಆಗಂಗಿಲ್ಲ ಹೇಳೂದು."

ಅವನು ಮೂರು ಮೆಟ್ಟಿಲು ಇಳಿದು, ನಾಲ್ಕನೆಯದರಲ್ಲಿ ನಿಂತು, ಕೈ ಮುಗಿದ. "ಓಣಿ ದೈವದವ್ರ, ತಪ್ಪಾಯ್ತು. ನೀವು ಬರಂಗಿಲ್ಲಂತ ತಿಳ್ಕೊಂಡು ಕರದೆ."

ಇಂಥ ಕ್ಷಮಾಪಣೆಯನ್ನು ಓಣಿ ಹಿಂದೆ ಕೇಳಿರಲಿಲ್ಲ. ಕೆಲವು ಗಂಡಸರು ನೆಲ ನೋಡಿದರು. ಹೌದಲ್ಲ, ನಾವೂ ಹೋಗುವುದಿಲ್ಲವೆಂದೇ ತಿಳಿದು ಬರುತ್ತೇವೆ ಎಂದಿದ್ದೆವು ಎಂಬುದು ಅವರಿಗೂ ನೆನಪಾಗಿರಬೇಕು.

ದೇವಿಂದ್ರಪ್ಪನೇ ಮತ್ತೆ ಬಾಯಿ ಹಾಕಿ ಕೆಡಿಸಿದ. "ನಿನ್ನೀ ಎಳ್ಳಮಾಸಿ ಭಜ್ಜಿ, ಕಡಬು ಎಲ್ಲಾರ ಮನ್ಯಾಗೂ ಉಳದಾವಲ್ರಿ. ಇವತ್ತೊಂದಿನ ತಮ್ಮ ತಮ್ಮ ಮನ್ಯಾಗ ಅದನ್ನೇ ಉಂಡು…"

"ಹಂಗ ಬರಂಗಿಲ್ಲ." ಗುಂಡಪ್ಪ ಮುಂದೆ ಬಂದ. ಅವನ ಮೋರೆ ನ್ಯಾಯಾಧೀಶರ ಮೋರೆಯಾಗಿತ್ತು. "ಚೂಲಬಂದ ಹೇಳಿದ ಮ್ಯಾಲೆ ಯಾರೂ ತಮ್ಮ ಮನ್ಯಾಗ ತುತ್ತ ಎತ್ತಂಗಿಲ್ಲ. ಹಳಸಿದ್ದಿರಲಿ, ಬಿಸೀದಿರಲಿ. ನನ್ನ ಬಾಯಿಲೆ ಹೋದ ಕರಿ ಇದು. ನಾಳಿ ನಾ ಯಾರ ಬಾಗಿಲಿಗೆ ಹೋಗ್ಲಿ?"

"ಮತ್ತೇನ್ ಮಾಡ್ಬೇಕಲೇ ಗುಂಡಪ್ಪಾ?" ಎಂದರು ಹವಾಲ್ದಾರರು, ಪುಸ್ತಕ ತೆರೆದುಕೊಂಡೇ.

ಆಗ ಶಕುಂತಲಾಬಾಯಿ ಎದ್ದರು. "ಗುಂಡಪ್ಪಾ, ನಮ್ಮ ಒಲಿ ಹಚ್ಚಂಗಿಲ್ಲ, ಬರೋಬರ್. ಮುಕ್ತಾಬಾಯಿ ಒಲಿ ಹಚ್ಚಬಹುದೋ ಇಲ್ಲೋ?"

"ಅವ್ರದೇ ಹಚ್ಚಬೇಕ್ರಿ."

"ನಮ್ಮ ಭಜ್ಜಿ ತಂದು ಅಕಿ ದೇಗಚ್ಯಾಗ ಸುರದು, ಅಕಿ ಒಲಿ ಮ್ಯಾಲೆ ಅಕೀನೇ ಕುದಿಸಿದ್ರ, ಅದು ಯಾರ ಅಡಗಿ?"

ಗುಂಡಪ್ಪನ ಅಪ್ಪ, ಅಜ್ಜ ಹೊತ್ತ ಸಾವಿರಾರು ಕರೆಗಳಲ್ಲಿ ಈ ಪ್ರಶ್ನೆ ಎದ್ದಿರಲಿಲ್ಲ. ಮುದುಕಿ ತಲೆಯೆತ್ತಿ, "ಬಡಿಸಾಕತ್ಯಾರೇನ್ರೆ?" ಎಂದಳು. ಗುಂಡಪ್ಪ ತೀರ್ಪು ಕೊಟ್ಟ.

"ಯಾರ ಬೆಂಕಿಯೋ ಅವ್ರ ಅಡಗಿ."

ಆಮೇಲೆ ಓಣಿಯಲ್ಲಿ ಆದ ಓಡಾಟವನ್ನು ಏನೆಂದು ಹೇಳಲಿ. ಹೆಂಗಸರು ಮನೆಗೆ 'ಈಗ ಬಂದೆ' ಎಂದು ಓಡಿ ಗಡಿಗೆ, ಬೋಗುಣಿ, ಬುಟ್ಟಿ ಹೊತ್ತು ಬಂದರು. ಹಿತ್ತಲಿನಲ್ಲಿ ಮೂರು ಗುಂಡುಕಲ್ಲು ಹೂಡಿ ದೇಗಚಿ ಏರಿಸಿದರು. ಅಕ್ಕಿ ಸಾಲದೆಂದು ಶಕುಂತಲಾಬಾಯಿ ಸೆರಗಿನ ಗಂಟಿನಿಂದ ಕೀಲಿಕೈ ಬಿಚ್ಚಿ, "ಒಲಿ ಹಚ್ಚಬಾರದು ಅಂತ ಅದ, ಅಂಗಡಿ ತೆರೀಬಾರದು ಅಂತಿಲ್ಲ" ಎಂದು ಗಂಡನ ಅಂಗಡಿಯಿಂದ ಒಂದು ಚೀಲ ಅಕ್ಕಿ, ಎರಡು ಪೆಂಟೆ ಬೆಲ್ಲ ಹೊರಿಸಿದರು. ಚೀಲ ಹೊತ್ತವರು ಹವಾಲ್ದಾರರು. ತಾಸಿನ ಹಿಂದೆ ಮುಖಂಡನ ಹೆಸರು ಬರೆದ ಹಾಳೆಯಿಂದಲೇ ಅವರು ಆಮೇಲೆ ಒಲೆಗೆ ಬೆಂಕಿ ಹಚ್ಚಿದರು.

ಇಪ್ಪತ್ತೊಂದು ಮನೆಯ ಭಜ್ಜಿ ಒಂದೇ ದೇಗಚಿಗೆ ಬಿತ್ತು. ಸುರಿಯುವ ಮುಂಚೆ ಒಬ್ಬೊಬ್ಬರೂ ತಮ್ಮದನ್ನು ಹೊಗಳಿದರು, ಸುರಿದ ಮೇಲೆ ಬೇರೆಯವರದಕ್ಕೆ ಹುಳಿ ಹೆಚ್ಚಾಯಿತೆಂದರು. ಭಾಗಮ್ಮ ಸೌಟಿಗೆ ಕೈ ಹಾಕಿದಳು. ಮುಕ್ತಾಬಾಯಿ ಮೆತ್ತಗೆ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. "ನೀವು ಕುಂದರ್ರಿ ಅಕ್ಕಾ. ನೀವು ಕರದ ಮಂದಿ." ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಅವಳೇ ಕೊಟ್ಟಳು. ಸೊಂಯ್ ಎಂದ ಸದ್ದಿಗೆ ಅಂಗಳದ ಮಾತೆಲ್ಲ ಒಮ್ಮೆ ನಿಂತಿತು.

ಎರಡು ಗಂಟೆಗೆ ಪಂಕ್ತಿ ಕುಳಿತಿತು. ಮೊದಲು ಗಂಡಸರಲ್ಲಿ ಯಾರು ಕೈ ಹಾಕುತ್ತಾರೆಂದು ಗಂಡಸರೆಲ್ಲ ಕಾದರು. ಹಾಸಿಗೆಯ ಮುದುಕಿ ಕಾಯಲಿಲ್ಲ. ಅವಳು ಚಪ್ಪರಿಸಿದ ಸದ್ದು ಕೇಳಿದ ಮೇಲೆ ನೂರಾ ಮೂವತ್ತು ಕೈ ಒಟ್ಟಿಗೆ ತಾಟಿಗಿಳಿದವು. ನಾನು ಮೂರು ಸಲ ಹಾಕಿಸಿಕೊಂಡೆ. ದೇವಿಂದ್ರಪ್ಪ ಪಂಕ್ತಿಯ ಉದ್ದಕ್ಕೂ ಕೋಟಿನಲ್ಲೇ ಬಡಿಸುತ್ತ, "ನಾಚಬ್ಯಾಡ್ರಿ, ನಮ್ಮದೇನು ಮನಿಗೊಬ್ರು ಕರಿ ಅಲ್ಲ" ಎನ್ನುತ್ತಿದ್ದ. ಎರಡು ತಾಸಿನ ಹಿಂದಿನ ದೇವಿಂದ್ರಪ್ಪ ನಿಚ್ಚಣಿಕೆಯ ಮೇಲೆಯೇ ಉಳಿದುಬಿಟ್ಟಿದ್ದ.

ಇತ್ತ ಬಸವಣಪ್ಪನವರ ಕಥೆ. ಅವರು ಬಸವಕಲ್ಯಾಣದಲ್ಲಿ ಇಳಿದು ಮಗಳ ಮನೆಗೆ ಹೋದರೆ ಬಾಗಿಲಿಗೆ ಬೀಗ. "ನಿಮ್ಮ ಊರಿಗೇ ಹೋಗ್ಯಾರಲ್ರಿ, ಯಾರದೋ ಚೂಲಬಂದ್ ಅದಂತ" ಎಂದರು ನೆರೆಯವರು. ಹೋಟೆಲು ಮುಟ್ಟದ ನೇಮಸ್ಥರು ಎರಡು ಬಾಳೆಹಣ್ಣು ತಿಂದು, ಬಸ್ಸಿಗಾಗಿ ಎರಡು ತಾಸು ಕಾದು, ನಾಲ್ಕು ಗಂಟೆಗೆ ಓಣಿಗೆ ಬಂದರು. ಮನೆಯಲ್ಲಿ ಶಕುಂತಲಾಬಾಯಿ ಚಾಪೆಯ ಮೇಲಿಂದ ಏಳದೆ, "ಒಲಿ ಬಂದ್ ಅದ" ಎಂದಷ್ಟೇ ಹೇಳಿ ಮಗ್ಗಲು ಬದಲಿಸಿದರು.

ಬಸವಣಪ್ಪನವರು ಹೊರಗೆ ಬಂದು ನಿಂತರು. ಕಟ್ಟೆಯ ಮೇಲೆ ಗುಂಡಪ್ಪ ಕುಳಿತಿದ್ದ. ಇವರನ್ನು ಕಂಡು ಎದ್ದು ನಿಂತ.

"ಧಣೇರ, ಪೇಂಟರ್ ಹೆಣ್ತಿ ಇನ್ನಾ ಉಂಡಿಲ್ರಿ."

"ಯಾಕ?"

"ಕರದ ಮಂದಿ ಪೂರಾ ಉಣ್ಣೂತನ ಕರದವ್ರು ಉಣ್ಣಂಗಿಲ್ಲಲ್ರಿ. ಎಣಿಸ್ಯಾಳ. ಒಬ್ರು ಕಮ್ಮಿ ಇದ್ದಾರಂತ."

ಬಸವಣಪ್ಪನವರು ಓಣಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಯಾರೂ ಕಾಣಲಿಲ್ಲ. ಆದರೆ ಇಪ್ಪತ್ತೊಂದು ಬಾಗಿಲುಗಳ ಸಂದಿಯಲ್ಲಿ ಕಣ್ಣುಗಳಿದ್ದವು. ನನ್ನವೂ ಎರಡು ಇದ್ದವು. ಅವರು ಧೋತರದ ಚುಂಗು ಹಿಡಿದುಕೊಂಡು ಪೇಂಟರ್ ಮನೆಯ ಮುಂದೆ ಹೋಗಿ ಕೆಮ್ಮಿದರು. ನಾನು ಬೇವಿನ ಗಿಡದವರೆಗೆ ಜರುಗಿದೆ, ಚಂದ ಕೇಳಲೆಂದು.

ಮುಕ್ತಾಬಾಯಿ ಮಣೆ ಹಾಕಿದಳು, ನೀರು ಕೊಟ್ಟಳು, ಮುಚ್ಚಿಟ್ಟಿದ್ದ ತಾಟು ತಂದಿಟ್ಟಳು. ಬಸವಣಪ್ಪನವರು ಕಣ್ಣು ಮುಚ್ಚಿ ಕೊರಳ ಲಿಂಗವನ್ನು ಮುಟ್ಟಿಕೊಂಡರು. ತುತ್ತು ಎತ್ತಿದರು. ಅಗಿದರು. ಬಾಗಿಲ ಮರೆಯಲ್ಲಿ ದೇವಿಂದ್ರಪ್ಪ ಕಿವಿಗೊಟ್ಟು ನಿಂತಿದ್ದ.

"ಉಪ್ಪು ಕಮ್ಮಿ ಅದ," ಎಂದರು ಬಸವಣಪ್ಪನವರು.

ಮುಕ್ತಾಬಾಯಿ ಉಪ್ಪು ತಂದಳು. ಅವರು ಕಲಸಿಕೊಂಡು ಉಂಡರು. ತಾಟು ಖಾಲಿಯಾಯಿತು. ಅವರು ಏಳಲಿಲ್ಲ. ಖಾಲಿ ತಾಟನ್ನು ಬೆರಳಿನಿಂದ ಸ್ವಲ್ಪ ಮುಂದಕ್ಕೆ ದೂಡಿದರು. ಹನ್ನೊಂದು ವರ್ಷದಲ್ಲಿ ಅವರು ಅವಳನ್ನು ಯಾವ ಹೆಸರಿನಿಂದಲೂ ಕರೆದದ್ದಿಲ್ಲ, ಪೇಂಟರ್ ಮನೆಯವಳು ಎನ್ನುತ್ತಿದ್ದರು, ಅದೂ ಬೇರೆಯವರ ಮುಂದೆ.

"ಇನ್ನೊಂಚೂರು ಹಾಕು ತಂಗಿ," ಎಂದರು.

ಅವಳು ಹಾಕಿದಳು. ಒಳಗೆ ಹೋಗಿ ಸೆರಗಿನಿಂದ ಮೋರೆ ಒರೆಸಿಕೊಂಡಳು. ಅವರು ಕೈ ತೊಳೆದು ಹೋದ ಮೇಲೆ ದೇಗಚಿಯ ತಳದಲ್ಲಿ ಅಂಟಿಕೊಂಡದ್ದನ್ನು ಕೆರೆದು ಗಂಡ ಹೆಂಡತಿ ಉಂಡರು. ಒಳಕೋಣೆಯ ಮಟನ್ ಪೂರಾ ತವರಿನ ಎಂಟು ಜನರ ಪಾಲಾಗಿತ್ತು.

ಮರುದಿನ ಓಣಿಯ ಒಲೆಗಳೆಲ್ಲ ಹೊತ್ತಿದವು, ಬಕ್ಕಪ್ಪ ಹೋಟೆಲು ತೆರೆದ. ಅಂಗಡಿಯಲ್ಲಿ ಒಂದು ಚೀಲ ಅಕ್ಕಿ ಕಡಿಮೆಯಾದದ್ದು ಬಸವಣಪ್ಪನವರಿಗೆ ಗೊತ್ತಾಗಿ ಮನೆಯಲ್ಲಿ ದೊಡ್ಡ ಮಾತಾಯಿತೆಂದೂ, ಕೊನೆಗೆ ಶಕುಂತಲಾಬಾಯಿ ಒಲೆಗೆ ರಂಗೋಲಿ ಹಾಕುತ್ತೇನೆ ಎಂದೊಡನೆ ಅವರು ಸುಮ್ಮನಾದರೆಂದೂ ಕೇಳಿದೆ.

ನಾನು ಪೇಂಟರ್ ಮನೆಯ ಮುಂದೆ ಹೋಗುವಾಗ ದೇವಿಂದ್ರಪ್ಪ ಒಂದು ಮುಷ್ಟಿ ತೆಂಗಿನ ನಾರು, ಬೂದಿ ಹಿಡಿದು ಅಂಗಳದಲ್ಲಿ ಕುಳಿತಿದ್ದ. ಎದುರಿಗೆ ದೇಗಚಿ. ತಳವೆಲ್ಲ ಒಂದು ಬೆರಳು ದಪ್ಪ ಮಸಿ ಹಿಡಿದಿತ್ತು. ತಪ್ಪು ಮಾಡಿದ ಗಂಡ ಪಾತ್ರೆ ತಿಕ್ಕಿಯಾದರೂ ಋಣ ತೀರಿಸೋಣವೆಂದು ಕುಳಿತಿದ್ದನೆಂದು ಕಾಣುತ್ತದೆ. ಮುಕ್ತಾಬಾಯಿ ಒಳಗಿನಿಂದ ಬಂದು ಅವನ ಕೈಯಿಂದ ನಾರು ಕಿತ್ತುಕೊಂಡಳು. ನೀರು ಕುಡಿಯುವ ಹಿತ್ತಾಳೆ ತಂಬಿಗೆಯನ್ನು ದಿನಕ್ಕೆ ಎರಡು ಸಲ ತಿಕ್ಕುವ ಹೆಂಗಸು ಅವಳು.

"ಮುಟ್ಟಬ್ಯಾಡ್ರಿ ಅದಕ್ಕ."

ಅವಳು ದೇಗಚಿಯನ್ನು ಎತ್ತಿ ಬಾಗಿಲ ಪಕ್ಕದ ಕಟ್ಟೆಯ ಮೇಲೆ, ದಾರಿಗೆ ಕಾಣುವಂತೆ, ಬೋರಲು ಹಾಕಿದಳು. ಮುಂದಿನ ದೊಡ್ಡ ದಿನದವರೆಗೂ ಅದು ಅಲ್ಲೇ, ಹಾಗೇ ಕರ್ರಗೆ ಇತ್ತು.